ಹತ್ತಿಯ ದರ್ಜೆಯೂ ವರ್ತಕರ ಮಹಾಸಂಘವೂ

ಪೇಟೆಯಲ್ಲಿ ಹತ್ತಿಯ ಧಾರಣೆಯು ಇಳಿದಾಗಲೆಲ್ಲ ಅದು ದಲಾಲರ ಕೈವಾಡವೆಂದು ರೈತರು ಹೇಳುವುದುಂಟು. ಕೆಲವೆಡೆ ಈ ಮಾತು ನಿಜವೂ ಆಗಿರಬಹುದು. ಆದರೆ ಧಾರಣೆಯು ಯಾವ ಅಳತೆಯಿಂದ ನಿರ್ಣಯವಾಗುತ್ತದೆ, ಆ ಅಳತೆಯನ್ನು ಕಾಯುವವರು ಯಾರು ಎಂಬುದನ್ನು ಗ್ರಾಮದ ಮುಖಂಡರು ತಿಳಿದಿರುವುದು ಅವಶ್ಯಕ.

1921ಕ್ಕೆ ಮುಂಚೆ ಮುಂಬಯಿಯ ಹತ್ತಿ ವ್ಯಾಪಾರವು ಹಲವು ಸಂಘಗಳಲ್ಲಿ ಹಂಚಿಹೋಗಿದ್ದು, ಎಲ್ಲರಿಗೂ ಅನ್ವಯಿಸುವ ಒಂದೇ ಕಟ್ಟಳೆಯಿರಲಿಲ್ಲ. ಮೊದಲನೆಯ ಮಹಾಯುದ್ಧದ ಕೊನೆಯಲ್ಲಿ ವಾಯಿದೆ ವ್ಯಾಪಾರವು ಮಿತಿಮೀರಲು, ಸರ್ಕಾರವೇ ಅದನ್ನು ಹತೋಟಿಗೆ ತರಬೇಕಾಯಿತು. ತರುವಾಯ 1921ರಲ್ಲಿ ಈಸ್ಟ್ ಇಂಡಿಯಾ ಕಾಟನ್ ಅಸೋಸಿಯೇಷನ್ ಎಂಬ ಸಂಘವು ಸ್ಥಾಪಿತವಾಯಿತು. ಸರ್ ಪುರುಷೋತ್ತಮದಾಸ್ ಠಾಕೂರದಾಸರು ಬಹುಕಾಲ ಇದರ ಅಧ್ಯಕ್ಷರಾಗಿದ್ದರು. ಈ ಸಂಘಕ್ಕೆ ಈಗ ಕಾಟನ್ ಅಸೋಸಿಯೇಷನ್ ಆಫ್ ಇಂಡಿಯಾ ಎಂದು ಹೆಸರು.

ಈ ಸಂಘದ ಕಾರ್ಯವು ಮುಖ್ಯವಾಗಿ ಮೂರು ಬಗೆಯದು. ಮೊದಲನೆಯದು, ಕೊಳ್ಳುವವನಿಗೂ ಮಾರುವವನಿಗೂ ಒಪ್ಪಿಗೆಯಾಗುವ ಕರಾರಿನ ನಿಯಮಗಳನ್ನು ಗೊತ್ತುಮಾಡುವುದು. ಎರಡನೆಯದು, ಅರಳೆಯ ಬಣ್ಣ, ಕಸ, ಎಳೆಯ ಉದ್ದ ಇವುಗಳನ್ನು ನೋಡಿ ದರ್ಜೆಯನ್ನು ನಿಶ್ಚಯಿಸುವುದು. ಆಯಾ ದರ್ಜೆಗೆ ದಿನದಿನದ ಧಾರಣೆಯನ್ನು ಖಂಡಿಯೊಂದಕ್ಕೆ, ಎಂದರೆ ಸುಮಾರು 356 ಕಿಲೋಗ್ರಾಂಗೆ, ಪ್ರಕಟಿಸುವುದು. ಮೂರನೆಯದು, ಬಂದ ಮಾಲು ಕರಾರಿನಂತೆ ಇಲ್ಲವೆಂದು ತಕರಾರು ಹುಟ್ಟಿದರೆ ಮಧ್ಯಸ್ಥರ ಮೂಲಕ ತೀರ್ಮಾನಿಸುವುದು. ಹಿಂದೆ ವಾಯಿದೆ ವ್ಯಾಪಾರವೂ ಇದರ ಆಡಳಿತದಲ್ಲಿದ್ದಿತು. 1966ರಲ್ಲಿ ಸರ್ಕಾರವು ಅದನ್ನು ನಿಷೇಧಿಸಿತು.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಮಧ್ಯಸ್ಥರು ಪರೀಕ್ಷಿಸುವುದು ಒತ್ತಿ ಕಟ್ಟಿದ ಬೇಲನ್ನೇ ಹೊರತು ರೈತನ ರಾಶಿಯನ್ನಲ್ಲ. ಬೇಲಿನಲ್ಲಿ ಕಸವೋ ಗಿಡ್ಡ ಎಳೆಯ ಬೆರಕೆಯೋ ಕಂಡುಬಂದರೆ ಗಿರಣಿಯವನು ವರ್ತಕನ ಹಣದಲ್ಲಿ ವಜಾ ಹಿಡಿಯುತ್ತಾನೆ. ದೋಷವು ಯಾರ ರಾಶಿಯಿಂದ ಬಂದಿತೆಂದು ವರ್ತಕನು ಅರಿಯನು. ಆದುದರಿಂದ ಮುಂದಿನ ಸಂತೆಯಲ್ಲಿ ಆ ಸೀಮೆಯ ಹತ್ತಿಗೆಲ್ಲ ಬೆಲೆ ತಗ್ಗಿಸಿ ಕೇಳುತ್ತಾನೆ. ಹೀಗೆ ಒಬ್ಬನ ಬೆರಕೆಗೆ ಊರೆಲ್ಲವೂ ದಂಡ ತೆರಬೇಕಾಗುವುದು.

ಇದಕ್ಕೆ ಧಾರವಾಡ ಸೀಮೆಯ ಇತಿಹಾಸವೇ ಸಾಕ್ಷಿ. ಹತ್ತೊಂಬತ್ತನೆಯ ಶತಮಾನದಲ್ಲಿ ಅಲ್ಲಿ ಅಮೇರಿಕದ ತಳಿಯನ್ನು ಬೆಳೆಸಿ, ಗರಗಸದ ಹಲ್ಲಿನ ಯಂತ್ರದಿಂದ ಬೀಜ ಬಿಡಿಸಿ ಪರದೇಶಕ್ಕೆ ಕಳುಹಿಸುತ್ತಿದ್ದರು. ನಾಡಹತ್ತಿಯು ತಾನು ಹಡಗೇರುತ್ತಿದ್ದ ಬಂದರಿನಿಂದಲೇ ಕುಮಟಾ ಎಂಬ ಹೆಸರು ಪಡೆದಿದ್ದಿತು. ಒಂದು ಜಾತಿಯೊಡನೆ ಇನ್ನೊಂದನ್ನು ಬೆರೆಸುವ ಕಪಟವು ಹಬ್ಬಿದುದರಿಂದ, ಇದನ್ನು ತಡೆಯಲು ಮುಂಬಯಿ ಸರ್ಕಾರವು 1863ರಲ್ಲಿ ಪ್ರತ್ಯೇಕ ಶಾಸನವನ್ನೇ ಮಾಡಬೇಕಾಯಿತು.

ಸಂಘವು ಮುಖ್ಯವಾಗಿ ವ್ಯಾಪಾರದವರದು; ರೈತನ ವಕಾಲತ್ತನ್ನು ಅದು ವಹಿಸಲೆಂದು ಕಾಯುವುದು ಸರಿಯಲ್ಲ. ಆ ಕೆಲಸಕ್ಕೆ ನಿಯಂತ್ರಿತ ಪೇಟೆಯೂ, ಸಹಕಾರಿ ಮಾರಾಟ ಸಂಘವೂ, 1970ರಲ್ಲಿ ಸ್ಥಾಪಿತವಾದ ಸರ್ಕಾರದ ಕಾಟನ್ ಕಾರ್ಪೊರೇಷನ್ನೂ ಇವೆ. ಧಾರಣೆಯು ಬೆಂಬಲ ಬೆಲೆಗಿಂತ ಇಳಿದಾಗ ಕಾರ್ಪೊರೇಷನ್ನು ಹತ್ತಿಯನ್ನು ಕೊಳ್ಳುವುದುಂಟು. ಆದರೆ ತೇವವು ಶೇಕಡ 12ನ್ನು ಮೀರಿದ ಮಾಲನ್ನು ಅದೂ ಒಪ್ಪುವುದಿಲ್ಲ.

ಆದಕಾರಣ ಗ್ರಾಮದ ಮುಖಂಡರು ಮಾಡತಕ್ಕ ಕೆಲಸಗಳು ಇವು: ಊರಿನಲ್ಲಿ ಸಾಧ್ಯವಾದಷ್ಟು ಒಂದೇ ತಳಿಯನ್ನು ಬಿತ್ತಿಸುವುದು, ಮಂಜು ಆರಿದ ಮೇಲೆ ಬಿಡಿಸುವಂತೆ ಕೂಲಿಯವರಿಗೆ ಹೇಳುವುದು, ಹುಳುಕು ಕಾಯಿಯ ಹತ್ತಿಯನ್ನು ಬೇರೆಯಾಗಿ ಇಡಿಸುವುದು, ಸೆಣಬಿನ ಎಳೆ, ಪ್ಲಾಸ್ಟಿಕ್ ಚೀಲದ ದಾರ ಸೇರದಂತೆ ಅರಿವೆಯ ಜೋಳಿಗೆಗಳಲ್ಲಿಯೇ ತುಂಬಿಸುವುದು, ನೀರು ಚಿಮುಕಿಸಿ ತೂಕ ಹೆಚ್ಚಿಸುವವರನ್ನು ತಡೆಯುವುದು. ದರ್ಜೆಯನ್ನು ಬರೆಯುವವರು ದೂರದ ಪಟ್ಟಣದಲ್ಲಿರುವರಾದರೂ, ಅದಕ್ಕೆ ಅಸ್ತಿಭಾರವು ಹೊಲದಲ್ಲಿಯೇ ಬೀಳುತ್ತದೆ. ಊರಿನ ಹತ್ತಿಗೆ ಒಮ್ಮೆ ಒಳ್ಳೆಯ ಹೆಸರು ಬಂದಿತೆಂದರೆ ಅದರ ಲಾಭವು ಚಿಕ್ಕ ಹಿಡುವಳಿಯವನಿಗೂ ದೊಡ್ಡ ಜಮೀನುದಾರನಿಗೂ ಸಮನಾಗಿ ದೊರೆಯುವುದು.