ಚಳಿಗಾಲದ ಅತಿಥಿ: ಎಲೆ ಉಲಿಯಕ್ಕಿಯನ್ನು ಗುರುತಿಸುವ ಬಗೆ



ಮುಂಗಾರು ಹಿಂದಾಗಿ ಗದ್ದೆಯಲ್ಲಿ ಭತ್ತ ಹೊಡೆಗೆ ಬರುವ ಹೊತ್ತಿಗೆ, ಅಂದರೆ ಸೆಪ್ಟೆಂಬರ್ ತಿಂಗಳ ಕೊನೆಯಿಂದೀಚೆಗೆ, ಶನಿವಾರಸಂತೆ ಸುತ್ತಿನ ಕಾಫಿ ತೋಟಗಳ ನೆರಳು ಮರಗಳಲ್ಲಿ ಹೊಸದೊಂದು ಕೂಗು ಕೇಳತೊಡಗುತ್ತದೆ. 'ಚಿಸ್-ವಿಟ್, ಚಿಸ್-ವಿಟ್' ಎಂದು ಎರಡು ತುಂಡಿನ ಚುರುಕಾದ ಕೂಗು. ಕೂಗಿದ್ದು ಯಾರೆಂದು ತಲೆಯೆತ್ತಿ ನೋಡಿದರೆ ಎಲೆಯ ಬಣ್ಣದ್ದೇ ಆದ ಏನೋ ಒಂದು ಕೊಂಬೆಯಿಂದ ಕೊಂಬೆಗೆ ಜಿಗಿದಂತಾಗುತ್ತದೆ. ಅದೇ ಹಸುರು ಎಲೆ ಉಲಿಯಕ್ಕಿ.

ಭತ್ತದ ತೆನೆಯೂ ಈ ಹಕ್ಕಿಯೂ ಒಂದೇ ಕಾಲಕ್ಕೆ ಬರುವುದರಿಂದ, ಕಾಳು ಜೊಳ್ಳಾದಾಗ ಅಥವಾ ಉದುರಿದಾಗ ಇದರ ಮೇಲೆ ಗುಮಾನಿ ಹೋಗುವುದುಂಟು. ಮಕ್ಕಳು ಕವಣೆ ಹಿಡಿದು ಗದ್ದೆ ಬದುವಿಗೆ ಹೋದರೆ ಸಿಕ್ಕ ಸಣ್ಣ ಹಕ್ಕಿಗೆಲ್ಲ ಕಲ್ಲು ಬೀಳುತ್ತದೆ. ಆದುದರಿಂದ ಮೊದಲು ಕೊಕ್ಕನ್ನು ನೋಡಬೇಕು. ಕಾಳು ತಿನ್ನುವ ರಾಟವಾಳದ ಕೊಕ್ಕು ಗಿಡ್ಡ ಮತ್ತು ದಪ್ಪ; ಅದು ಗುಂಪು ಕಟ್ಟಿಕೊಂಡು ತೆನೆಯ ಮೇಲೆಯೇ ಕೂರುತ್ತದೆ. ಉಲಿಯಕ್ಕಿಯ ಕೊಕ್ಕು ಸೂಜಿಯಂತೆ ಸಪೂರ. ಅದರಿಂದ ಭತ್ತದ ಸಿಪ್ಪೆ ಬಿಡಿಸಲು ಸಾಧ್ಯವೇ ಇಲ್ಲ. ಅದು ತಿನ್ನುವುದು ಎಲೆಯ ಮೇಲಿನ ಮತ್ತು ಅಡಿಯ ಸಣ್ಣ ಹುಳು, ಕೀಟ, ಜೇಡಗಳನ್ನು.

ಗಾತ್ರದಲ್ಲಿ ಇದು ಗುಬ್ಬಚ್ಚಿಗಿಂತ ಚಿಕ್ಕದು. ಉದ್ದ ಸುಮಾರು 4 ಅಂಗುಲ, ತೂಕ 8 ಗ್ರಾಂ ಆಸುಪಾಸು. ಬೆನ್ನು ಮಾಸಲು ಹಸುರು, ಹೊಟ್ಟೆ ಮಾಸಲು ಬಿಳಿ. ಕಣ್ಣಿನ ಮೇಲೆ ಹುಬ್ಬು ತೀಡಿದಂತೆ ಉದ್ದನೆಯ ತಿಳಿ ಗೆರೆ ಇರುತ್ತದೆ. ರೆಕ್ಕೆಯ ಮೇಲೂ ಒಂದು ಸಣ್ಣ ಬಿಳಿ ಗೆರೆ ಉಂಟು. ಗರಿ ಸವೆದಾಗ ಅದು ಕಾಣದೆಯೂ ಹೋಗಬಹುದು. ಗಂಡಿಗೂ ಹೆಣ್ಣಿಗೂ ಬಣ್ಣದಲ್ಲಿ ವ್ಯತ್ಯಾಸವಿಲ್ಲ.

ಬೇಲಿಯಲ್ಲಿ ಬಾಲ ನಿಗುರಿಸಿ ಕೂಗುವ ಟುವ್ವಿ ಹಕ್ಕಿಯೊಡನೆ ಇದನ್ನು ಬೆರೆಸಬಾರದು. ಟುವ್ವಿಯ ನೆತ್ತಿ ಕೆಂಗಂದು, ಅದು ವರ್ಷವಿಡೀ ಇಲ್ಲಿಯೇ ಇರುತ್ತದೆ. ಬೆಳ್ಗಣ್ಣನಿಗೆ ಕಣ್ಣಿನ ಸುತ್ತ ಬಿಳಿಯ ಬಳೆ ಇರುತ್ತದೆ. ಸೂರಕ್ಕಿಯ ಕೊಕ್ಕು ಬಾಗಿರುತ್ತದೆ. ಇವಿಷ್ಟು ಸುಲಭ.

ಕಷ್ಟವಿರುವುದು ಉಲಿಯಕ್ಕಿಯ ದಾಯಾದಿಗಳಲ್ಲಿ. ಚಳಿಗಾಲದಲ್ಲಿ ಇನ್ನೆರಡು ಜಾತಿಗಳು ನಮ್ಮ ಮಲೆಗಳಿಗೆ ಬರುತ್ತವೆ. ಒಂದಕ್ಕೆ ಕಡುಬಣ್ಣದ ನೆತ್ತಿಯ ನಡುವೆ, ಬೈತಲೆ ತೆಗೆದ ಹಾಗೆ, ತಿಳಿ ಪಟ್ಟೆ ಇರುತ್ತದೆ; ಅದು ಎತ್ತರದ ಮರಗಳ ತುದಿಯಲ್ಲಿ ಓಡಾಡುವುದು ಹೆಚ್ಚು. ಇನ್ನೊಂದು ದೊಡ್ಡ ಕೊಕ್ಕಿನದು, ಪುಷ್ಪಗಿರಿ ಕಡೆಯ ದಟ್ಟ ಕಾಡಿನಂಥ ನೆರಳನ್ನು ಬಯಸುವುದು. ಅದರ ಹುಬ್ಬು ದಟ್ಟವಾಗಿದ್ದು, ಕೂಗಿನ ಎರಡನೆಯ ತುಂಡು ಮೊದಲನೆಯದಕ್ಕಿಂತ ಮೇಲಕ್ಕೆ ಏರುತ್ತದೆ. ಎಲೆಗಳ ಮರೆಯಲ್ಲಿ ಬಣ್ಣವನ್ನು ನಂಬುವುದು ಕಷ್ಟ. ಪಕ್ಷಿಗಳನ್ನು ಬಲ್ಲವರೂ ಮೊದಲು ಕೂಗಿಗೇ ಕಿವಿಗೊಡುತ್ತಾರೆ. ಹಾಡು ಕಲಿಯುವ ಮಕ್ಕಳು ಈ ಕೆಲಸದಲ್ಲಿ ನಮ್ಮನ್ನು ಮೀರಿಸುತ್ತಾರೆಂದು ನನ್ನ ಎಣಿಕೆ.

ಈ ಹಕ್ಕಿಯ ಗೂಡನ್ನು ನಮ್ಮ ತೋಟದಲ್ಲಿ ಯಾರೂ ಕಾಣಲಾರರು. ಇದು ಮರಿ ಮಾಡುವುದು ಮಧ್ಯ ಏಷ್ಯದ ಬೆಟ್ಟಗಳಲ್ಲಿ ಮತ್ತು ಪಶ್ಚಿಮ ಸೈಬೀರಿಯದ ಕಾಡುಗಳಲ್ಲಿ. ಅಲ್ಲಿ ಹಿಮ ಬೀಳುವ ಮೊದಲು ಹೊರಟು, ಸಾವಿರಾರು ಮೈಲಿ ಹಾರಿ ನಮ್ಮಲ್ಲಿಗೆ ಬರುತ್ತದೆ. ಏಪ್ರಿಲ್ ಹೊತ್ತಿಗೆ ಮರಳುತ್ತದೆ. ತಮಿಳುನಾಡಿನ ಮುಂಡನ್‌ತುರೈ ಕಾಡಿನಲ್ಲಿ ಮಧುಸೂದನ ಕಟ್ಟಿ ಮತ್ತು ಟ್ರೆವರ್ ಪ್ರೈಸ್ ಎಂಬ ವಿಜ್ಞಾನಿಗಳು 1990ರ ದಶಕದಲ್ಲಿ ಇದರ ಚಳಿಗಾಲದ ಬದುಕನ್ನು ಅಭ್ಯಾಸ ಮಾಡಿದರು. ಇಲ್ಲಿರುವಷ್ಟು ಕಾಲ ಒಂದೊಂದು ಹಕ್ಕಿಯೂ ಕೆಲವು ಮರಗಳನ್ನು ತನ್ನದೆಂದು ಹಿಡಿದು ಒಂಟಿಯಾಗಿ ಕಾಯುತ್ತದೆ. ನಾವು ಕೇಳುವ ಕೂಗು 'ಇದು ನನ್ನ ಜಾಗ' ಎಂಬ ಎಚ್ಚರಿಕೆ. ಕಾಲಿಗೆ ಬಳೆ ತೊಡಿಸಿ ಬಿಟ್ಟ ಹಕ್ಕಿಗಳು ಮರುವರ್ಷ ಅದೇ ಜಾಗಕ್ಕೆ ಬಂದುದೂ ಕಂಡಿದೆ. ಹೀಗಿರುವಾಗ ತೋಟದ ಅತ್ತಿ, ಬಸರಿ, ಹಾಲುವಾಣಗಳನ್ನು ಒಮ್ಮೆಗೇ ಕಡಿದು ನೆಲ ಬೋಳು ಮಾಡಿದರೆ, ಬರುವ ವರ್ಷ ಮರಳಿದ ಹಕ್ಕಿಗೆ ಹಿಡಿದ ಜಾಗವೇ ಇಲ್ಲದಾಗುತ್ತದೆ.

ಆದರೆ ಇದನ್ನು ಹೊಗಳುವ ಭರದಲ್ಲಿ ಇಲ್ಲದ ಗುಣವನ್ನು ಹೊರಿಸುವುದೂ ಸರಿಯಲ್ಲ. ಅರೇಬಿಕಾ ಗಿಡದ ಕಾಂಡದೊಳಗಿರುವ ಬಿಳಿ ಕಾಂಡಕೊರಕದ ಹುಳುವಾಗಲಿ, ಹಣ್ಣಿನೊಳಗೆ ಸೇರಿದ ಕಾಯಿಕೊರಕವಾಗಲಿ ಇದರ ಕೊಕ್ಕಿಗೆ ಸಿಗುವುದಿಲ್ಲ. ಕೊರಕ ಹಿಡಿದ ಗಿಡಗಳನ್ನು ಗುರುತಿಸಿ, ಕಿತ್ತು ಸುಡುವ ಕೆಲಸ ನಮ್ಮದೇ. ಹಕ್ಕಿಯದು ಎಲೆಯ ಮೇಲಿನ ಕೆಲಸ. ಅಲ್ಲಿಯೂ, ಹುಳು ಕಂಡಲ್ಲಿಗೆ ಮಾತ್ರ ಔಷಧಿ ಹೊಡೆಯದೆ ತೋಟಕ್ಕೆಲ್ಲ ಹೊಡೆದರೆ ಅದರ ಊಟವೂ ಹೋಗುತ್ತದೆ, ನಮ್ಮ ದುಡ್ಡೂ ಹೋಗುತ್ತದೆ.

ಕವಣೆಯ ವಿಷಯ ಮಕ್ಕಳಿಗೆ ತಿಳಿಹೇಳಿ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರವೂ ಇಂಥ ಹಕ್ಕಿಗಳನ್ನು ಹೊಡೆಯುವಂತಿಲ್ಲ. ಬರುವ ಸೆಪ್ಟೆಂಬರಿನಲ್ಲಿ 'ಚಿಸ್-ವಿಟ್' ಕೂಗು ಮೊದಲು ಕೇಳಿದ ತಾರೀಖನ್ನೂ, ಯಾವ ಮರದಲ್ಲಿ ಎಂಬುದನ್ನೂ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಮಾಡಿಡಿ. ನಾನು ನಿಮ್ಮ ಊರಿಗೆ ಬಂದಾಗ ಬರೆದುಕೊಳ್ಳುತ್ತೇನೆ.