ಹುಳುಮನೆಗೆ ಯಾವ ಸೆನ್ಸರ್ ತರಬೇಕು?

ಕೆ.ಆರ್. ಪೇಟೆ ಕಡೆಯ ರೇಷ್ಮೆ ಬೆಳೆಗಾರರೊಬ್ಬರ ಪ್ರಶ್ನೆ ಇದು: ‘ಹುಳುಮನೆಯ ಶಾಖ, ತೇವಾಂಶ ಎರಡನ್ನೂ ಮನೆಯಲ್ಲಿ ಕೂತೇ ಮೊಬೈಲಿನಲ್ಲಿ ನೋಡಬೇಕು. ತೇವ ಕಮ್ಮಿಯಾದರೆ ಫಾಗರ್ ತಾನಾಗೇ ಆನ್ ಆಗಬೇಕು. ನೂರಾರು ರೂಪಾಯಿಯ ಸೆನ್ಸರೂ ಇದೆ, ಸಾವಿರಾರು ರೂಪಾಯಿಯದೂ ಇದೆ. ಯಾವುದು ತರಲಿ?’

ವೈ-ಫೈ, ಆ್ಯಪು, ಡಬ್ಬಿಯ ಮೇಲೆ ಅಚ್ಚಾದ ‘ಎ.ಐ.’ ಎಂಬ ಎರಡಕ್ಷರ, ಇವನ್ನೆಲ್ಲ ಸದ್ಯಕ್ಕೆ ಪಕ್ಕಕ್ಕಿಡಿ. ಮೊದಲು ನೋಡಬೇಕಾದ್ದು ಹುಳು ಏನು ಕೇಳುತ್ತದೆ ಎಂಬುದನ್ನು. ಚಾಕಿ ಹುಳುವಿಗೆ, ಅಂದರೆ ಎಳೆಯ ಹುಳುವಿಗೆ, 27-28 ಡಿಗ್ರಿ ಶಾಖ, ಶೇ. 85-90 ತೇವಾಂಶ ಬೇಕು. ಕೊನೆಯ ಹಂತದ ಹುಳುವಿಗೆ 24 ಡಿಗ್ರಿ, ಶೇ. 65-70 ಸಾಕು. ಬೇಸಿಗೆಯ ನಾಗಮಂಗಲದಲ್ಲಿ ತೇವ ಸಾಲದು. ಮಳೆಗಾಲದಲ್ಲಿ ಪಾಂಡವಪುರ, ಶ್ರೀರಂಗಪಟ್ಟಣದ ನಾಲೆ ಬಯಲಿನಲ್ಲಿ ಅದೇ ತೇವ ಹೆಚ್ಚಾಗಿ ಸುಣ್ಣಕಟ್ಟು ರೋಗದ ಭಯ. ಸೆನ್ಸರ್ ಈ ಎರಡೂ ತುದಿಯಲ್ಲಿ ಸತ್ಯ ಹೇಳಬೇಕು.

ತೇವಾಂಶ ಅಳೆಯುವುದು ಶಾಖ ಅಳೆದಷ್ಟು ಸಲೀಸಲ್ಲ. ಶ್ರೀರಂಗಪಟ್ಟಣದಿಂದ ಟಿಪ್ಪು ಸುಲ್ತಾನ್ ಮೈಸೂರು ಸೀಮೆಗೆ ರೇಷ್ಮೆ ತರಲು ಹೊರಟ ಕಾಲದಲ್ಲೇ ಜಿನೀವಾದ ಸೊಸ್ಯೂರ್ ಎಂಬ ವಿಜ್ಞಾನಿ ಮನುಷ್ಯರ ತಲೆಗೂದಲನ್ನು ಸೋಡಾ ನೀರಿನಲ್ಲಿ ಬೇಯಿಸಿ ಜಿಡ್ಡು ತೆಗೆಯುತ್ತಿದ್ದ. ತೇವ ಹೆಚ್ಚಿದರೆ ಕೂದಲು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಅದಕ್ಕೊಂದು ಮುಳ್ಳು ಕಟ್ಟಿದರೆ ಮಾಪಕ ಸಿದ್ಧ. 1783ರಲ್ಲಿ ಈ ಬಗ್ಗೆ ಪುಸ್ತಕವನ್ನೇ ಬರೆದ. ನಾಲ್ಕು ವರ್ಷದ ಮೇಲೆ ಮೌಂಟ್ ಬ್ಲಾಂಕ್ ಶಿಖರ ಹತ್ತಿದವನೂ ಇದೇ ಆಸಾಮಿ. ಕೂದಲಿನ ಮಾಪಕ ಇಪ್ಪತ್ತನೇ ಶತಮಾನದಲ್ಲೂ ಬಳಕೆಯಲ್ಲಿತ್ತು. ಆಮೇಲೆ 1973ರಲ್ಲಿ ಫಿನ್ಲೆಂಡಿನ ವೈಸಾಲಾ ಕಂಪನಿಯಲ್ಲಿ ಟುವೊಮೊ ಸುಂಟೋಲಾ ಪಾಲಿಮರಿನ ತೆಳುಪೊರೆಯಿಂದ ತೇವ ಅಳೆಯುವ ಸೆನ್ಸರ್ ರೂಪಿಸಿದರು. ಪೊರೆ ನೀರಾವಿ ಹೀರಿದಷ್ಟೂ ಅದರ ವಿದ್ಯುತ್ ಧಾರಕತೆ ಹೆಚ್ಚುತ್ತದೆ, ಅಷ್ಟೇ. ಇಂದಿನ ಒಳ್ಳೆಯ ಸೆನ್ಸರುಗಳೆಲ್ಲ ಹೆಚ್ಚೂಕಡಿಮೆ ಇದೇ ದಾರಿ ಹಿಡಿದವು.

ಈ ಪೊರೆಯನ್ನು ಮಳೆಗಾಲದಲ್ಲಿ ಮುಚ್ಚಳ ತೆರೆದಿಟ್ಟ ಹಪ್ಪಳ ಎಂದುಕೊಳ್ಳಿ. ಗಾಳಿಯ ತೇವ ಹೀರಿ ಮೆತ್ತಗಾಗುತ್ತದೆ, ಬಿಸಿಲಿಗಿಟ್ಟರೆ ಮತ್ತೆ ಗರಿಗರಿ. ಆದರೆ ಪಕ್ಕದಲ್ಲಿ ಫಿನಾಯಿಲ್ ಡಬ್ಬಿ ಇದ್ದರೆ ಆ ವಾಸನೆಯನ್ನೂ ಹೀರುತ್ತದೆ. ಅದು ಬಿಸಿಲಿಗಿಟ್ಟರೂ ಬಿಡದು. ಹುಳುಮನೆಯಲ್ಲಿ ಪ್ರತಿ ಬೆಳೆಗೂ ಬ್ಲೀಚಿಂಗ್ ಪುಡಿ, ಕ್ಲೋರಿನ್ ಡೈ ಆಕ್ಸೈಡ್, ಕೆಲವೆಡೆ ಫಾರ್ಮಾಲಿನ್ ಹೊಡೆಯುತ್ತಾರೆ. ಇವು ಪೊರೆಯನ್ನು ಕೆಡಿಸುತ್ತವೆ. ಸೆನ್ಸರ್ ಆಮೇಲೂ ಅಂಕಿ ತೋರಿಸುತ್ತಲೇ ಇರುತ್ತದೆ, ಆದರೆ ಸುಳ್ಳು ಅಂಕಿ. ಹುಳು ಚರ್ಮ ಕಳಚುವ ‘ಜ್ವರ’ದ ಹೊತ್ತಿನಲ್ಲಿ ಉದುರಿಸುವ ಸುಣ್ಣದ ಪುಡಿ ಬೇರೆ ಅದರ ರಂಧ್ರ ಮುಚ್ಚುತ್ತದೆ.

ಅಗ್ಗದ ಡಬ್ಬಿಗಳಲ್ಲಿ ಹೆಚ್ಚಾಗಿ ಸಿಗುವುದು ಡಿಎಚ್‌ಟಿ-11. ಶಾಖದಲ್ಲಿ ಎರಡು ಡಿಗ್ರಿ, ತೇವಾಂಶದಲ್ಲಿ ಐದು ಅಂಶ ಆಚೀಚೆ ಆಗಬಹುದೆಂದು ತಯಾರಕರೇ ಒಪ್ಪಿದ್ದಾರೆ, ಶೇ. 90ರಾಚೆಗೆ ಅದರ ಜವಾಬ್ದಾರಿಯೇ ಇಲ್ಲ. ಚಾಕಿಗೆ ಇದು ಬೇಡವೇ ಬೇಡ. ಡಿಎಚ್‌ಟಿ-22 ಪರವಾಗಿಲ್ಲ. ನನ್ನ ಮತ ಎಸ್‌ಎಚ್‌ಟಿ-31 ಅಥವಾ ಎಸ್‌ಎಚ್‌ಟಿ-40 ಚಿಪ್ ಇರುವುದಕ್ಕೆ: ತೇವಾಂಶದಲ್ಲಿ ತಪ್ಪು ಎರಡು ಅಂಶದ ಆಸುಪಾಸು, ಜೊತೆಗೆ ಪೊರೆ ಒಣಗಿಸಲು ಒಳಗೇ ಪುಟ್ಟ ಹೀಟರ್.

ವೈ-ಫೈ ಡಬ್ಬಿಯಲ್ಲಿ ಇನ್ನೊಂದು ತೊಡಕಿದೆ. ವೈ-ಫೈ ಚಿಪ್ ಬಿಸಿಯಾಗುತ್ತದೆ; ಸೆನ್ಸರ್ ಅದಕ್ಕೆ ಅಂಟಿಕೊಂಡಿದ್ದರೆ ಕೋಣೆಯದಲ್ಲ, ಡಬ್ಬಿಯ ಶಾಖ ಅಳೆಯುತ್ತದೆ. 25 ಡಿಗ್ರಿಯ ಕೋಣೆಯಲ್ಲಿ ಡಬ್ಬಿ 27ಕ್ಕೆ ಏರಿದರೆ ಶೇ. 80ರ ತೇವಾಂಶ 71 ಎಂದು ಕಾಣುತ್ತದೆ. ಫಾಗರ್ ಬೇಡದ ನೀರು ಎರಚುತ್ತಲೇ ಇರುತ್ತದೆ. ಹಾಗಾಗಿ ಸೆನ್ಸರನ್ನು ಚಿಕ್ಕ ವೈರಿನಲ್ಲಿ ಡಬ್ಬಿಯಿಂದ ಹೊರಗೆ ಇಳಿಬಿಟ್ಟದ್ದು ಒಳ್ಳೆಯದು. ಬಟನ್ ಸೆಲ್ ಮೇಲೆ ಓಡುವ ಜಿಗ್‌ಬೀ, ಬ್ಲೂಟೂತ್ ಸೆನ್ಸರುಗಳು ಹೀಗೆ ಕಾಯುವುದಿಲ್ಲ, ಆದರೆ ಶೀಟ್ ಛಾವಣಿ, ಗೋಡೆ ದಾಟಿ ಮನೆಯವರೆಗೆ ಅವುಗಳ ಸಿಗ್ನಲ್ ಬರುವುದು ಕಷ್ಟ. ಹುಳುಮನೆ ತೋಟದಲ್ಲಿದ್ದರೆ ದೂರಕ್ಕೂ ಸಿಗ್ನಲ್ ಕಳಿಸುವ ಲೋರಾ ರೇಡಿಯೊ ಇರುವುದನ್ನು ನೋಡಿ; ನಮ್ಮ ದೇಶದಲ್ಲಿ 865-867 ಮೆಗಾಹರ್ಟ್ಸ್ ತರಂಗಕ್ಕೆ ಲೈಸೆನ್ಸ್ ಬೇಕಿಲ್ಲ. ಯಾವುದೇ ಇರಲಿ, ಕರೆಂಟ್ ಹೋದಾಗಿನ ಅಂಕಿಗಳನ್ನು ತನ್ನಲ್ಲೇ ಉಳಿಸಿಕೊಳ್ಳುತ್ತದೆಯೇ ಎಂದು ಅಂಗಡಿಯಲ್ಲೇ ಕೇಳಿ.

ತಂದ ಮೇಲೆ ಪರೀಕ್ಷೆ ಮಾಡಿ. ಬಾಟಲಿ ಮುಚ್ಚಳದಲ್ಲಿ ಅಡುಗೆ ಉಪ್ಪನ್ನು ಒಂದೆರಡು ಹನಿ ನೀರಿನಲ್ಲಿ ಕಲಸಿ, ಸೆನ್ಸರಿಗೆ ತಾಗದಂತೆ ಗಾಳಿಯಾಡದ ಡಬ್ಬದಲ್ಲಿ ಒಟ್ಟಿಗಿಟ್ಟು ರಾತ್ರಿಯಿಡೀ ಬಿಡಿ. 25-30 ಡಿಗ್ರಿಯಲ್ಲಿ ಒದ್ದೆ ಉಪ್ಪಿನ ಮೇಲಿನ ಗಾಳಿಯ ತೇವಾಂಶ ಶೇ. 75ಕ್ಕೇ ನಿಲ್ಲುತ್ತದೆ. ಸೆನ್ಸರ್ 69 ಅಂದರೆ ಆರು ಅಂಶ ಕಡಿಮೆ ಹೇಳುತ್ತಿದೆ ಎಂದೇ ಲೆಕ್ಕ. ಪ್ರತಿ ಬೆಳೆಗೂ ಮುಂಚೆ ಇದನ್ನು ಮಾಡಿ. ಗೋಡೆಯ ಮೇಲಿನ ಹಳೆಯ ಒಣ-ಒದ್ದೆ ಥರ್ಮಾಮೀಟರನ್ನು ಗುಜರಿಗೆ ಹಾಕಬೇಡಿ: ಒಣ ಬುರುಡೆ 25, ಒದ್ದೆ ಬುರುಡೆ 22 ತೋರಿಸಿದರೆ ತೇವಾಂಶ ಸುಮಾರು 76-77. ಅದಕ್ಕೆ ಬ್ಯಾಟರಿ ಬೇಡ, ಶುದ್ಧ ಬಟ್ಟೆ, ನೀರು ಇದ್ದರಾಯಿತು.

ಸೆನ್ಸರನ್ನು ಹುಳು ಮೇಯುವ ಎತ್ತರದಲ್ಲೇ ತೂಗುಹಾಕಿ, ಫಾಗರಿನ ಬಾಯಿಗೆ ಎದುರಾಗಿ ಬೇಡ. ಔಷಧಿ ಹೊಡೆಯುವ ಹಿಂದಿನ ದಿನ ಕಳಚಿ ಮನೆಗೆ ತನ್ನಿ. ವಾಸನೆ ಪೂರ್ತಿ ಹೋದ ಮೇಲೆ ಮತ್ತೆ ಹಾಕಿ.