ನಮ್ಮ ಓಣಿಯ ದವಾಖಾನೆಯಲ್ಲಿ ಏನೇನು ನೋಡಬೇಕು?

ಸೂಜಿ ಮಾಡದ ಡಾಕ್ಟರ್ ಡಾಕ್ಟರೇ ಅಲ್ಲ ಎಂಬುದು ನಮ್ಮ ದಾದಿಯ ನಂಬಿಕೆ. ಕಳೆದ ವರ್ಷ ಅವರಿಗೆ ಜ್ವರ ಬಂದಾಗ ನಾನೇ ಒಂದು ದವಾಖಾನೆಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಒಂದು ಸೂಜಿ ಮಾಡಿ, ಕಾಗದದ ಪೊಟ್ಟಣದಲ್ಲಿ ಬಿಡಿ ಗುಳಿಗೆ ಕೊಟ್ಟರು. ಚೀಟಿ ಕೊಡಲಿಲ್ಲ, ನಾನೂ ಕೇಳಲಿಲ್ಲ. ರಾತ್ರಿ ದಾದಿಯ ಮೈಮೇಲೆ ದದ್ದು ಎದ್ದು ತುಟಿ ಊದಿಕೊಂಡಿತು. ಬೇರೆ ಆಸ್ಪತ್ರೆಗೆ ಓಡಿದೆವು. ಅಲ್ಲಿನ ಡಾಕ್ಟರ್ ಮೊದಲು ಕೇಳಿದ್ದು, "ಯಾವ ಔಷಧ ಕೊಟ್ಟಿದ್ದರು?" "ಒಂದು ಬಿಳಿ ಗುಳಿಗೆ, ಒಂದು ಹಳದಿ" ಎಂದಷ್ಟೇ ಹೇಳಲು ನನಗೆ ಆಯಿತು.

ದಾದಿ ಗುಣವಾದರು. ಆದರೆ ಯಾವ ಔಷಧ ಅವರಿಗೆ ಒಗ್ಗುವುದಿಲ್ಲ ಎಂಬುದು ಇಂದಿಗೂ ಗೊತ್ತಿಲ್ಲ. ವೋಚರ್ ಇಲ್ಲದೆ ಎಂಟ್ರಿ ಇಲ್ಲ ಎಂದು ಅಕೌಂಟೆನ್ಸಿಯಲ್ಲಿ ಓದುವ ನಾನು ಅಂದು ಒಂದು ಚೀಟಿ ಕೇಳಲಿಲ್ಲ. ಆ ಮೇಲೆ ನಿಯಮಗಳನ್ನು ಹುಡುಕಿ ಓದಿದೆ. ಯಾದಗಿರಿ ಆಗಲಿ, ಶಹಾಪುರ, ಸುರಪುರ ಆಗಲಿ, ಎಲ್ಲ ಖಾಸಗಿ ದವಾಖಾನೆಗಳಿಗೂ ಇವು ಅನ್ವಯಿಸುತ್ತವೆ.

ಮೊದಲನೆಯದು ನೋಂದಣಿ. ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ 2007ರ ಪ್ರಕಾರ ಸಣ್ಣ ಕ್ಲಿನಿಕ್ ಕೂಡ ನೋಂದಣಿ ಮಾಡಿಸಬೇಕು. ಅದರ ಅವಧಿ 5 ವರ್ಷ. ನೋಂದಣಿ ಪತ್ರವನ್ನೂ ದರಪಟ್ಟಿಯನ್ನೂ ಎಲ್ಲರಿಗೂ ಕಾಣುವಂತೆ ಹಾಕಬೇಕು. ಒಳಗೆ ಹೋದ ಕೂಡಲೇ ಗೋಡೆ ನೋಡಿ.

ಎರಡನೆಯದು ಚೀಟಿ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಗಳಂತೆ ಚೀಟಿಯಲ್ಲಿ ಡಾಕ್ಟರರ ನೋಂದಣಿ ಸಂಖ್ಯೆ ಇರಬೇಕು. ಔಷಧದ ಜೆನೆರಿಕ್ ಹೆಸರನ್ನು ಓದಲು ಬರುವಂತೆ ಬರೆಯಬೇಕು ಎಂದು 2016ರಲ್ಲಿ ತಿದ್ದುಪಡಿ ಬಂತು. ನಮ್ಮ ಮನೆಯಲ್ಲಿ ಆ ಚೀಟಿ ಇದ್ದಿದ್ದರೆ ಅಂದು ರಾತ್ರಿ ಉತ್ತರ ಇರುತ್ತಿತ್ತು.

ಮೂರನೆಯದು ಸೂಜಿ. ಸಿರಿಂಜಿನ ಪ್ಯಾಕೆಟ್ಟನ್ನು ನಮ್ಮ ಮುಂದೆಯೇ ಒಡೆಯಬೇಕು. ಸೂಜಿ ಮಾತ್ರ ಬದಲಿಸಿದರೆ ಸಾಲದು. ಚುಚ್ಚಿದಾಗ ಕಣ್ಣಿಗೆ ಕಾಣದಷ್ಟು ರಕ್ತ ಸಿರಿಂಜಿನೊಳಗೆ ಹೋಗಬಹುದು. ಅದರಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದು. 2018ರಲ್ಲಿ ಉತ್ತರ ಪ್ರದೇಶದ ಉನ್ನಾವ್ ಜಿಲ್ಲೆಯ ಬಂಗರ್‌ಮೌ ಕಡೆ ಹಲವರಲ್ಲಿ ಎಚ್‌ಐವಿ ಪತ್ತೆಯಾದಾಗ, ಕಡಿಮೆ ಹಣಕ್ಕೆ ಒಂದೇ ಸಿರಿಂಜಿನಿಂದ ಸೂಜಿ ಮಾಡುತ್ತಿದ್ದ ನಕಲಿ ವೈದ್ಯನ ಮೇಲೆ ಆರೋಪ ಬಂತು. ಗುಳಿಗೆಯಿಂದಲೇ ವಾಸಿಯಾಗುವ ಕಾಯಿಲೆಗೆ ಸೂಜಿ ಕೇಳದಿರುವುದೇ ಒಳ್ಳೆಯದು.

ನಾಲ್ಕನೆಯದು ಕಸ. ಜೈವಿಕ ವೈದ್ಯಕೀಯ ತ್ಯಾಜ್ಯ ನಿಯಮ 2016ರ ಪ್ರಕಾರ ರಕ್ತದ ಹತ್ತಿ ಹಳದಿ ಚೀಲಕ್ಕೆ, ಸೂಜಿ ತೆಗೆದ ಸಿರಿಂಜು ಕೆಂಪು ಚೀಲಕ್ಕೆ, ಸೂಜಿ ಮತ್ತು ಬ್ಲೇಡು ಬಿಳಿಯ ಗಟ್ಟಿ ಡಬ್ಬಿಗೆ, ಗಾಜು ನೀಲಿ ಡಬ್ಬಿಗೆ ಹೋಗಬೇಕು. ಎಲ್ಲವೂ ಒಂದೇ ಬುಟ್ಟಿಯಲ್ಲಿದ್ದರೆ ಕಸ ಎತ್ತುವವರ ಕೈಗೆ ಸೂಜಿ ಚುಚ್ಚುತ್ತದೆ.

ಐದನೆಯದು ರಸೀದಿ. ಹಣ ಪಡೆದು ಕೊಡುವ ವೈದ್ಯಕೀಯ ಸೇವೆಯೂ ಗ್ರಾಹಕ ಕಾನೂನಿಗೆ ಒಳಪಡುತ್ತದೆ ಎಂದು 1995ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ರಸೀದಿಯೇ ನಮ್ಮ ಸಾಕ್ಷಿ. ದೂರು ಇದ್ದರೆ ಜಿಲ್ಲಾಧಿಕಾರಿಯವರ ಅಧ್ಯಕ್ಷತೆಯ ಜಿಲ್ಲಾ ಪ್ರಾಧಿಕಾರಕ್ಕೆ ಕೊಡಬಹುದು. ಜಿಲ್ಲಾ ಆರೋಗ್ಯಾಧಿಕಾರಿ ಅದರ ಸದಸ್ಯ ಕಾರ್ಯದರ್ಶಿ.

ಇದನ್ನೆಲ್ಲ ಡಾಕ್ಟರರೊಂದಿಗೆ ಜಗಳ ಮಾಡಲು ಬರೆದಿಲ್ಲ. ರಾತ್ರಿ ಬಾಗಿಲು ಬಡಿದರೂ ಎದ್ದು ನೋಡುವವರು, ಬಡವರಿಂದ ಹಣ ಪಡೆಯದವರು ನಮ್ಮ ಊರುಗಳಲ್ಲಿ ಇದ್ದಾರೆ. ಒಳ್ಳೆಯ ಡಾಕ್ಟರ್ ಚೀಟಿ ಕೇಳಿದರೆ ಬೇಸರ ಮಾಡಿಕೊಳ್ಳುವುದಿಲ್ಲ. ಕೇಳಲು ಹಿರಿಯರು ಹೆದರುತ್ತಾರೆ, ಚೀಟಿ ಓದಲು ಅವರಿಗೆ ಬರದಿರಬಹುದು. ಆದ್ದರಿಂದ ಜೊತೆಗೆ ಹೋಗುವ ನಾವೇ ಕೇಳಬೇಕು.

ಈಗ ದಾದಿಯ ಚೀಟಿಗಳನ್ನೆಲ್ಲ ಒಂದು ಫೈಲಿನಲ್ಲಿ ದಿನಾಂಕದಂತೆ ಇಟ್ಟಿದ್ದೇನೆ. ದಾದಿ ಇಂದಿಗೂ ಸೂಜಿ ಕೇಳುತ್ತಾರೆ. ಆದರೆ ಮನೆಯಿಂದ ಹೊರಡುವಾಗ, "ಫೈಲ್ ತಗೊಂಡೆಯಾ?" ಎಂದು ಅವರೇ ಕೇಳುತ್ತಾರೆ.